ಗಾಡಿ ಮಲಗಿಸುವ ಕೆಲಸ

ಎ.ಟಿ.ವಿ. ಎಂದು ಕರೆಯುವ, ದಪ್ಪ ಟೈರಿನ, ಬೈಕಿನ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಯ ಕೈಪಿಡಿಯಲ್ಲಿ ಅದನ್ನು ಚಳಿಗಾಲಕ್ಕೆ ಎತ್ತಿಡುವ ಬಗ್ಗೆ ಒಂದು ಅಧ್ಯಾಯ ಇದ್ದೇ ಇರುತ್ತದೆ. ಈ ಗಾಡಿಗಳಿಗೆ ದೊಡ್ಡ ಮಾರುಕಟ್ಟೆ ಉತ್ತರ ಅಮೆರಿಕ. ಅಲ್ಲಿನ ಉತ್ತರದ ಸೀಮೆಗಳಲ್ಲಿ ವರ್ಷದ ನಾಲ್ಕೈದು ತಿಂಗಳು ನೆಲ ಹಿಮದಡಿ ಇರುತ್ತದೆ. ಮಿನ್ನೆಸೋಟಾ ರಾಜ್ಯದ ಟವರ್ ಎಂಬ ಊರಿನ ಬಳಿ 1996ರ ಫೆಬ್ರುವರಿ 2ರಂದು ಉಷ್ಣತೆ ಶೂನ್ಯಕ್ಕಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಅಂಥ ಕಡೆ ಬಹಳ ಮಂದಿ ಗಾಡಿಯನ್ನು ಶೆಡ್ಡಿಗೆ ತಳ್ಳಿದರೆ ಹಿಮ ಕರಗುವವರೆಗೆ ಹೊರಗೆ ತೆಗೆಯುವುದಿಲ್ಲ.

ಅದೇ ಗಾಡಿ ಈಗ ಸಹ್ಯಾದ್ರಿಯ ಕೆಲವು ಕಾಫಿ, ಅಡಿಕೆ ತೋಟಗಳಿಗೂ ಬಂದಿದೆ, ಜೊತೆಗೆ ಅದೇ ಕೈಪಿಡಿಯೂ. ಹಿಮವನ್ನೇ ಕಾಣದ ಊರಿನಲ್ಲಿ ಆ ಅಧ್ಯಾಯ ಮೊದಲಿಗೆ ತಮಾಷೆಯಾಗಿ ಕಾಣುತ್ತದೆ. ಆದರೆ ಮಲೆನಾಡಿನಲ್ಲೂ ಗಾಡಿ ತಿಂಗಳುಗಟ್ಟಲೆ ನಿಲ್ಲುವ ಕಾಲವೊಂದಿದೆ. 1970ರ ದಶಕದಲ್ಲಿ ತೀರ್ಥಹಳ್ಳಿ ಸೀಮೆಯ ತೋಟದ ಮನೆಯಲ್ಲಿ ಬೆಳೆದ, ಈಗ ಅರವತ್ತು ದಾಟಿದ ಒಬ್ಬ ತೋಟಗಾರ ಇಂಥ ಕೈಪಿಡಿ ಬಿಡಿಸಿದರೆ, ಅದರಲ್ಲಿನ ಒಂದೊಂದು ಸೂಚನೆಯ ಹಿಂದೆಯೂ ಒಂದು ಜೀಪು ಮತ್ತು ಅದರ ಡ್ರೈವರ್ ಕಾಣಿಸಿಕೊಳ್ಳುತ್ತಾರೆ. ಆ ಮನೆಯಲ್ಲಿ ಮೃಗಶಿರಾ ಮಳೆ ಹಿಡಿಯುವ ಮುಂಚೆ ಜೀಪನ್ನು ಮಲಗಿಸುತ್ತಿದ್ದರು.

ಆಗುಂಬೆ, ಹುಲಿಕಲ್ ಸುತ್ತಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಆ ಕಾಲಕ್ಕೆ ಡಾಂಬರು ಮುಖ್ಯ ರಸ್ತೆಗೆ ಮಾತ್ರ. ಅಲ್ಲಿಂದ ಮನೆಯವರೆಗೆ ಮಣ್ಣಿನ ದಾರಿ, ನಡುವೆ ಸೇತುವೆಯಿಲ್ಲದ ಒಂದು ಹಳ್ಳ. ಆರಿದ್ರಾ ಮಳೆ ಶುರುವಾದರೆ ಹಳ್ಳ ದಾಟಲು ಅಡಿಕೆ ಮರದ ಸಂಕವೇ ಗತಿ. ನಾಲ್ಕೂ ಚಕ್ರ ಎಳೆಯುವ ಜೀಪು ಹೇಗೋ ಆಚೆ ಹೋದೀತು, ತಿರುಗಿ ಬರುವ ಖಾತ್ರಿ ಇರಲಿಲ್ಲ. ಹಾಗಾಗಿ ಉಪ್ಪು, ಬೆಲ್ಲ, ಸೀಮೆಎಣ್ಣೆ, ಕೊಳೆರೋಗದ ಔಷಧಿಗೆ ಬೇಕಾದ ಮೈಲುತುತ್ತ ಎಲ್ಲವನ್ನೂ ಮೇ ತಿಂಗಳಲ್ಲೇ ಹೊತ್ತು ತಂದು ಜೀಪಿನ ಆ ವರ್ಷದ ದುಡಿಮೆ ಮುಗಿಯುತ್ತಿತ್ತು. ಅದು ಮಹೀಂದ್ರಾದವರು ವಿಲ್ಲಿಸ್ ಪರವಾನಗಿಯಲ್ಲಿ ತಯಾರಿಸುತ್ತಿದ್ದ, ಎತ್ತರದ ಬಾನೆಟ್ಟಿನ ಸಿಜೆ-3ಬಿ. 2.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್. ಮನೆಗೆ ಬಂದಾಗಲೇ ಅದು ಹಳೆಯದು.

ಮೊದಲ ಕೆಲಸ ತೊಳೆಯುವುದು. ಕೈಪಿಡಿ ಇದಕ್ಕೆ ಅರ್ಧ ಪುಟ ಕೊಡುತ್ತದೆ, ಮಲೆನಾಡಿನಲ್ಲಿ ಅದು ಎರಡು ದಿನದ ಕೆಲಸ. ಒಣಗಿದ ಕೆಸರು ಮೇಲಿಂದ ಗಟ್ಟಿಯಾಗಿ ಕಂಡರೂ ಒಳಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಹುಟ್ಟುವುದು ಅಲ್ಲೇ: ಚಾಸಿಯ ಒಳಮೈಯಲ್ಲಿ, ಸ್ಪ್ರಿಂಗ್ ಪಟ್ಟಿಗಳ ಸಂದಿಯಲ್ಲಿ, ಮಡ್‌ಗಾರ್ಡಿನ ಮಡಿಕೆಯಲ್ಲಿ. ಈಗಿನವರು ಜೋರಾಗಿ ನೀರು ಚಿಮ್ಮಿಸುವ ಪಂಪು ಹಿಡಿಯುತ್ತಾರೆ. ಆ ನೀರನ್ನು ಬೇರಿಂಗಿನ ಸೀಲು, ರೇಡಿಯೇಟರಿನ ರೆಕ್ಕೆ, ವೈರಿನ ಜೋಡಣೆಗಳ ಮೇಲೆ ನೇರವಾಗಿ ಬಿಡಬಾರದು, ಸೀಲಿನ ಒಳಗೆ ನುಗ್ಗಿದ ನೀರು ಹೊರಗೆ ಬರುವುದಿಲ್ಲ. ಜೀಪಿನ ಡ್ರೈವರನ ಬಳಿ ಇದ್ದದ್ದು ಕೊಡಪಾನ, ತೆಂಗಿನ ನಾರು, ಬಿದಿರಿನ ಸೀಳು. ಚಾಸಿಯಡಿ ಅಂಗಾತ ಮಲಗಿ ಅವನು ಮಣ್ಣು ಕೆರೆಯುತ್ತಿದ್ದರೆ ಮನೆಯ ಹುಡುಗ ಪಕ್ಕದಲ್ಲಿ ಕೂತು ಟಾರ್ಚು ಹಿಡಿಯಬೇಕಿತ್ತು. ‘ಸಣ್ಣಯ್ಯ, ಬೆಳಕು ನನ್ನ ಮುಖಕ್ಕಲ್ಲ, ಕಬ್ಬಿಣಕ್ಕೆ’ ಎಂಬುದು ಆಗಾಗ ಕೇಳುತ್ತಿದ್ದ ಮಾತು. ತೊಳೆದ ಮೇಲೆ ಅಂಗಳದಲ್ಲಿ ಬಿಸಿಲು. ಆಮೇಲೆ ಇಂಜಿನ್ನಿನಿಂದ ಇಳಿಸಿದ ಕರಿ ಆಯಿಲನ್ನು ಕುಂಚದಲ್ಲಿ ಅದ್ದಿ ಅಡಿಯಿಡೀ ಬಳಿಯುವುದು. ತುಕ್ಕಿಗೆ ಅದು ನಿಜಕ್ಕೂ ತಡೆ. ಆದರೆ ಸುಟ್ಟ ಆಯಿಲಿನಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಅಂಶಗಳಿರುತ್ತವೆ, ಅದು ರಬ್ಬರಿನ ಬುಷ್ಷುಗಳನ್ನು ಉಬ್ಬಿಸುತ್ತದೆ, ತೊಟ್ಟಿಕ್ಕಿದ್ದು ಚರಂಡಿ ಸೇರಿ ತೋಟಕ್ಕೆ ಹರಿಯುತ್ತದೆ. ಮೊಣಕೈವರೆಗೆ ಅದನ್ನು ಮೆತ್ತಿಕೊಂಡ ಡ್ರೈವರ್ ಸೀಗೆಪುಡಿಯಲ್ಲಿ ಕೈ ತಿಕ್ಕಿ ಊಟಕ್ಕೆ ಕೂರುತ್ತಿದ್ದ. ಯಾರಿಗೂ ಅದು ಹೆಚ್ಚಿನದೆನಿಸಲಿಲ್ಲ.

ನಂತರ ಪೆಟ್ರೋಲು. ಟ್ಯಾಂಕನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿಸಿ, ಪೆಟ್ರೋಲು ಕೆಡದಂತೆ ಕಾಯುವ ದ್ರಾವಣ ಬೆರೆಸಿ, ಹತ್ತು ನಿಮಿಷ ಇಂಜಿನ್ ಓಡಿಸಬೇಕೆನ್ನುತ್ತದೆ ಕೈಪಿಡಿ. ಹಾಗೆ ಓಡಿಸಿದರೆ ಬೆರೆಸಿದ ಪೆಟ್ರೋಲು ಪಂಪು, ಇಂಜೆಕ್ಟರುಗಳವರೆಗೂ ತಲುಪುತ್ತದೆ. ಕಾರ್ಬುರೇಟರ್ ಇರುವ ಗಾಡಿಯಾದರೆ ಅದರ ಬಟ್ಟಲನ್ನು ಬರಿದು ಮಾಡಬೇಕು. ಪೆಟ್ರೋಲು ನಿಂತಲ್ಲೇ ಹಳತಾಗುವ ವಸ್ತು. ಹಗುರವಾದ ಅಂಶ ಆವಿಯಾಗಿ ಹೋಗುತ್ತದೆ, ಉಳಿದದ್ದು ಗಾಳಿಯ ಆಮ್ಲಜನಕ ಹೀರಿ ಅಂಟಾಗಿ ಜೆಟ್ಟಿನ ರಂಧ್ರವನ್ನು ಮುಚ್ಚುತ್ತದೆ. ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆಯಾದಷ್ಟೂ ತೇವದ ಗಾಳಿಗೆ ಎಡೆ ಕಡಿಮೆ.

ಜೀಪಿನ ಮನೆಯಲ್ಲಿ ನಡೆಯುತ್ತಿದ್ದುದು ಇದರ ತದ್ವಿರುದ್ಧ. ಪೆಟ್ರೋಲು ದುಬಾರಿ, 1973ರ ತೈಲ ಬಿಕ್ಕಟ್ಟಿನ ನಂತರವಂತೂ ಅದನ್ನು ನಾಲ್ಕು ತಿಂಗಳು ಟ್ಯಾಂಕಿನಲ್ಲಿ ಬಿಡುವ ಮಾತೇ ಇರಲಿಲ್ಲ. ಡ್ರೈವರ್ ಸೀಟಿನಡಿಯ ಟ್ಯಾಂಕಿಗೆ ಪೈಪು ಇಳಿಬಿಟ್ಟು, ಬಾಯಲ್ಲಿ ಎಳೆದು, ಉಗುಳಿ, ಕೊನೆಯ ಹನಿಯವರೆಗೂ ತಗಡಿನ ಡಬ್ಬಿಗೆ ಇಳಿಸುತ್ತಿದ್ದ. ಆ ಡಬ್ಬಿ ಹೋಗಿ ಕೂರುತ್ತಿದ್ದ ಜಾಗವನ್ನು ಈಗ ನೆನೆದರೆ ಎದೆ ನಡುಗುತ್ತದೆ: ಬಚ್ಚಲು ಮನೆಯ ಅಟ್ಟ, ಕೆಳಗೆ ಹಗಲಿರುಳು ಉರಿಯುವ ಹಂಡೆಯೊಲೆ. ಇಡೀ ಮನೆಯಲ್ಲಿ ಒಣ ಜಾಗ ಅದೊಂದೇ ಎಂಬುದು ಕಾರಣ. ಬರಿದಾದ ಉಕ್ಕಿನ ಟ್ಯಾಂಕು ನಾಲ್ಕು ತಿಂಗಳು ಒಳಗಿಂದೊಳಗೇ ಬೆವರುತ್ತಿತ್ತು. ದಸರೆಗೆ ಗಾಡಿ ಎಬ್ಬಿಸಿದಾಗ ಪೆಟ್ರೋಲ್ ಪಂಪಿನ ಗಾಜಿನ ಬಟ್ಟಲಲ್ಲಿ ಕೆಂಪು ಹುಡಿ ಕಂಡರೆ ಮನೆಯ ಹಿರಿಯರು ಬಂಕಿನವನ ಮೇಲೆ ಹರಿಹಾಯುತ್ತಿದ್ದರು. ಪಾಪ, ಅವನದೇನೂ ತಪ್ಪಿಲ್ಲ, ಅದು ಟ್ಯಾಂಕಿನದೇ ತುಕ್ಕು.

ಈಗಿನ ಪೆಟ್ರೋಲಿನ ಕಷ್ಟವೇ ಬೇರೆ. ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಒಂದು ಮಿತಿಯವರೆಗೆ ಅದನ್ನು ಪೆಟ್ರೋಲಿನಲ್ಲೇ ಕರಗಿಸಿಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಪೆಟ್ರೋಲು ಎಳೆಯುವ ಕೊಳವೆ ಇರುವುದೂ ತಳದಲ್ಲೇ. ಮಿನ್ನೆಸೋಟಾದ ಒಣ ಚಳಿಗಿಂತ ಶ್ರಾವಣದ ತೀರ್ಥಹಳ್ಳಿಯಲ್ಲಿ ಈ ಭಯ ಹೆಚ್ಚು. ಮುಚ್ಚಳ ಬಿಗಿಯಾಗಿರುವುದು, ಟ್ಯಾಂಕು ತುಂಬಿರುವುದು, ಮಳೆ ಕಳೆದ ಮೇಲೆ ಹಳೆ ಪೆಟ್ರೋಲಿಗೆ ಹೊಸದನ್ನು ಬೆರೆಸಿಯೇ ಓಡಿಸುವುದು, ಇಷ್ಟು ಮಾಡಿದರೆ ಸಾಕು.

ಆಯಿಲನ್ನು ಎತ್ತಿಡುವ ಮುಂಚೆ ಬದಲಿಸಬೇಕೇ, ಮತ್ತೆ ಎಬ್ಬಿಸುವಾಗಲೇ ಎಂಬ ಚರ್ಚೆ ಗ್ಯಾರೇಜುಗಳಲ್ಲಿ ಇಂದಿಗೂ ಇದೆ. ಉತ್ತರ ಸ್ಪಷ್ಟ: ಮುಂಚೆಯೇ. ಓಡಿದ ಆಯಿಲಿನಲ್ಲಿ ಇಂಧನ ಉರಿದಾಗ ಹುಟ್ಟುವ ನೀರು, ಆಮ್ಲ ಸೇರಿರುತ್ತವೆ. ತಿಂಗಳುಗಟ್ಟಲೆ ನಿಂತರೆ ಅವು ಬೇರಿಂಗನ್ನು ತಿನ್ನುತ್ತವೆ. ಇಂಜಿನ್ ಬಿಸಿಯಿರುವಾಗಲೇ ಇಳಿಸಿದರೆ ಕೊಳೆಯೂ ಜೊತೆಗೆ ಇಳಿದುಹೋಗುತ್ತದೆ. ಇದನ್ನು ಡ್ರೈವರ್ ಸರಿಯಾಗಿಯೇ ಮಾಡುತ್ತಿದ್ದ. ಬಳಿಕ ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡೆರಡು ಚಮಚ ಹೊಸ ಆಯಿಲ್ ಬಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ಇಂಜಿನ್ನನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸುತ್ತಿದ್ದ. ಎ.ಟಿ.ವಿ. ಕೈಪಿಡಿ ಇದೇ ಕೆಲಸಕ್ಕೆ ಡಬ್ಬಿಯಿಂದ ಚಿಮ್ಮಿಸುವ ಬೇರೊಂದು ಆಯಿಲ್ ಹೇಳುತ್ತದೆ, ಉದ್ದೇಶ ಒಂದೇ: ಸಿಲಿಂಡರಿನ ಗೋಡೆ ಬರಿಮೈಯಲ್ಲಿ ಇರಬಾರದು.

ಅವನ ಇನ್ನೊಂದು ಕ್ರಮ ಯಾವ ಪುಸ್ತಕದಲ್ಲೂ ಇಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ರೋಟರನ್ನೂ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಅದೇ ಹೊಗೆ ಅಟ್ಟಕ್ಕೆ ಏರಿಸುತ್ತಿದ್ದ. ತೇವ ಹಿಡಿದರೆ ಕಿಡಿ ಹಾರುವುದಿಲ್ಲ ಎಂದು ಎಲ್ಲರೆದುರು ಹೇಳುತ್ತಿದ್ದ ಕಾರಣ. ಹೇಳದ ಕಾರಣ ಆ ಮನೆಯ ಕಿರಿಯ ಚಿಕ್ಕಪ್ಪ. ಮಳೆಗೆ ಬೇಸರ ಬಂದಾಗ ಜೀಪಿನಲ್ಲಿ ಕೂತು ಐದು ನಿಮಿಷ ಸ್ಟಾರ್ಟ್ ಮಾಡಿ ಸದ್ದು ಕೇಳುವುದು ಅವರ ಅಭ್ಯಾಸ. ‘ಆಗಾಗ ಸ್ಟಾರ್ಟ್ ಮಾಡಿದರೆ ಒಳ್ಳೇದಲ್ವಾ?’ ಎಂದು ಅವರು, ‘ರೋಟರ್ ಎಲ್ಲಿಟ್ಟಿದ್ದೆನೋ, ಮರೆತುಹೋಗಿದೆ ಅಯ್ಯ’ ಎಂದು ಇವನು. ಡ್ರೈವರ್ ಹೇಳಿದ್ದು ಸುಳ್ಳಾದರೂ ಮಾಡಿದ್ದು ಸರಿ. ಇಂಜಿನ್ ಪೂರ್ತಿ ಬಿಸಿಯಾಗದೆ ನಿಂತರೆ ಉರಿದಾಗ ಹುಟ್ಟಿದ ನೀರಾವಿ ಸಿಲಿಂಡರು, ಸೈಲೆನ್ಸರುಗಳ ಒಳಗೇ ತಣಿದು ನೀರಾಗುತ್ತದೆ, ಹಾಕಿದ ಆಯಿಲಿನ ಪದರವೂ ತೊಳೆದುಹೋಗುತ್ತದೆ. ಸ್ಟಾರ್ಟ್ ಮಾಡುವುದಾದರೆ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಬೇಕು, ಆಗದಿದ್ದರೆ ಮುಟ್ಟದಿರುವುದೇ ಮೇಲು.

ರೇಡಿಯೇಟರಿನ ವಿಷಯದಲ್ಲಿ ಅವನು ಎಡವಿದ್ದ. ಶೀತ ದೇಶದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ ಇಂಜಿನ್ನಿನ ಎರಕವನ್ನೇ ಸೀಳಬಲ್ಲದು. ಆದ್ದರಿಂದ ನೀರಿಗೆ ಸಮಪಾಲು ಎಥಿಲೀನ್ ಗ್ಲೈಕಾಲ್ ಸೇರಿಸುತ್ತಾರೆ, ಶೂನ್ಯದ ಕೆಳಗೆ ಸುಮಾರು 37 ಡಿಗ್ರಿಯವರೆಗೆ ಅದು ಗಟ್ಟಿಯಾಗದು. ಮಲೆನಾಡಿಗೆ ಆ ಚಿಂತೆ ಇಲ್ಲ. ಆದರೆ ಆ ದ್ರವದಲ್ಲಿ ತುಕ್ಕು ತಡೆಯುವ ಅಂಶವೂ ಇರುವುದರಿಂದ ಅದು ಇಲ್ಲಿಗೂ ಬೇಕು. ಜೀಪಿಗೆ ಹಾಕುತ್ತಿದ್ದುದು ಬಾವಿಯ ನೀರು. ಮಳೆಗಾಲಕ್ಕೆ ಅದನ್ನೂ ಕೀಲಿ ತಿರುಗಿಸಿ ಹರಿಯಬಿಡುತ್ತಿದ್ದ. ನೀರು ಹೋದ ಮೇಲೆ ಒದ್ದೆ ಎರಕಕ್ಕೆ ಗಾಳಿ ತಾಗಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ.

ಬ್ಯಾಟರಿಯದು ದೊಡ್ಡ ಕಥೆ. ಸೀಸ-ಆಮ್ಲದ ಬ್ಯಾಟರಿ ಸುಮ್ಮನಿದ್ದರೂ ನಿಧಾನವಾಗಿ ಇಳಿಯುತ್ತದೆ. ಇಳಿದು ಹಾಗೇ ಉಳಿದರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಮತ್ತೆ ಚಾರ್ಜನ್ನು ಸರಿಯಾಗಿ ಹಿಡಿಯುವುದಿಲ್ಲ. ಚಳಿ ದೇಶದಲ್ಲಿ ಇಳಿದ ಬ್ಯಾಟರಿ ಹೆಪ್ಪುಗಟ್ಟಿ ಒಡೆಯಲೂಬಹುದು. ಪೂರ್ತಿ ಚಾರ್ಜಾದ ಬ್ಯಾಟರಿಯ ಆಮ್ಲ ಗಟ್ಟಿಯಾಗಲು ಶೂನ್ಯದಿಂದ ಬಹಳ ಕೆಳಗಿನ ಚಳಿ ಬೇಕು. ಹಾಗಾಗಿ ಬಿಚ್ಚಿ ಒಳಗೆ ತಂದು, ಸಣ್ಣಗೆ ಕರೆಂಟು ಹರಿಸುತ್ತಲೇ ಇರುವ ಚಾರ್ಜರಿಗೆ ಸಿಕ್ಕಿಸಿಡಿ ಎಂಬುದು ಈಗಿನ ಸಲಹೆ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಲ್ಲಿ ಆ ಸಲಹೆಯನ್ನು ಪಾಲಿಸುವುದು ಹೇಗೆಂದು ಕೈಪಿಡಿ ಬರೆದವರನ್ನೇ ಕೇಳಬೇಕು.

ಜೀಪಿನ ಬ್ಯಾಟರಿ ಜಗಲಿಯ ಮೂಲೆಯಲ್ಲಿ ಮರದ ಹಲಗೆಯ ಮೇಲೆ ಕೂರುತ್ತಿತ್ತು. ನೆಲದ ಮೇಲಿಟ್ಟರೆ ಭೂಮಿ ಕರೆಂಟು ಎಳೆದುಕೊಳ್ಳುತ್ತದೆ ಎಂದು ಡ್ರೈವರ್ ನಂಬಿದ್ದ, ಇಂದಿಗೂ ಹಲವರು ನಂಬುತ್ತಾರೆ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಸಲ್ಲದು. ಹಿಂದಿನ ರಬ್ಬರು, ಮರದ ಡಬ್ಬಿಗಳ ಹೊರಮೈಯಲ್ಲಿ ತೇವ, ಆಮ್ಲ ಹರಡಿ ಸ್ವಲ್ಪ ಕರೆಂಟು ಸೋರುತ್ತಿದ್ದುದರಿಂದ ಆ ನಂಬಿಕೆ ಪೂರಾ ಬುಡವಿಲ್ಲದ್ದೂ ಅಲ್ಲ. ತುದಿಗಳಿಗೆ ವ್ಯಾಸಲಿನ್, ಸೆಲ್ಲಿಗೆ ಡಿಸ್ಟಿಲ್ಡ್ ವಾಟರ್. ತಿಂಗಳಿಗೊಮ್ಮೆ ಅದನ್ನು ಗೋಣಿಯಲ್ಲಿ ಸುತ್ತಿ, ಹೆಗಲಿಗೇರಿಸಿ, ಸಂಕ ದಾಟಿ, ಮುಖ್ಯ ರಸ್ತೆಯವರೆಗೆ ನಡೆದು, ಬಸ್ಸಿನಲ್ಲಿ ಪೇಟೆಯ ಚಾರ್ಜಿನ ಅಂಗಡಿಗೆ ಒಯ್ಯುತ್ತಿದ್ದವನೂ ಡ್ರೈವರನೇ. ಜಾರುವ ಸಂಕದ ಮೇಲೆ ಹತ್ತಿಪ್ಪತ್ತು ಕಿಲೋ ಭಾರದ ಆಮ್ಲದ ಪೆಟ್ಟಿಗೆ. ಅವನ ಅಂಗಿಗಳ ಎಡ ಹೆಗಲಲ್ಲಿ ಯಾವಾಗಲೂ ತೂತುಗಳಿರುತ್ತಿದ್ದವು.

ಬ್ರೇಕು, ಕ್ಲಚ್ಚುಗಳಿಗೆ ಮಳೆಗಾಲದ ಶತ್ರು ಅಂಟಿಕೊಳ್ಳುವಿಕೆ. ನಿಂತ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದಿಡಬಾರದು, ಲೈನಿಂಗ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಕಲ್ಲು ಕೊಡಬೇಕು. ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕಿನಲ್ಲಿ ಬೆಸೆದುಕೊಳ್ಳುವುದು ಟ್ರಾಕ್ಟರುಗಳಲ್ಲಿ ಈಗಲೂ ಕಾಣುವ ತೊಂದರೆ. ಡ್ರೈವರ್ ಪೆಡಲನ್ನು ಪೂರ್ತಿ ಒತ್ತಿ, ಪೆಡಲಿಗೂ ಸೀಟಿನ ಕಟ್ಟಿಗೂ ನಡುವೆ ಅಡಿಕೆ ದಬ್ಬೆಯ ತುಂಡೊಂದನ್ನು ಅಳತೆಗೆ ಕೊಯ್ದು ಸಿಕ್ಕಿಸುತ್ತಿದ್ದ. ಬಹುತೇಕ ಎ.ಟಿ.ವಿ.ಗಳಲ್ಲಿ ಇಂಥ ಪೆಡಲೇ ಇಲ್ಲ, ಗೇರಿನ ಬದಲು ರಬ್ಬರ್ ಬೆಲ್ಟು ಎರಡು ಪುಲ್ಲಿಗಳ ನಡುವೆ ಓಡುತ್ತದೆ. ಆ ಪೆಟ್ಟಿಗೆಯ ತಳದ ಬಿರಡೆ ತೆಗೆದು ಒಳಗಿನ ನೀರು ಇಳಿಸಬೇಕು, ಗಾಳಿಕೊಳವೆಯ ಬಾಯಿ ಮುಚ್ಚಬೇಕು. ಟೈರಿನ ಮಾತು ಚಿಕ್ಕದು: ಎ.ಟಿ.ವಿ. ಟೈರಿನಲ್ಲಿ ಗಾಳಿ ಬರೀ 5-7 ಪೌಂಡಿನಷ್ಟೇ ಇರುವುದರಿಂದ ಒಂದೇ ಕಡೆ ಊರಿ ನಿಂತರೆ ಬೇಗ ಚಪ್ಪಟೆಯಾಗುತ್ತದೆ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಬೇಕು. ಜೀಪಿಗೆ ಮರದ ದಿಮ್ಮಿಗಳಿದ್ದವು, ಗೆದ್ದಲು ಹಿಡಿಯದಿರಲೆಂದು ಅವುಗಳ ಬುಡಕ್ಕೂ ಕರಿ ಆಯಿಲ್.

ಹಿಮದ ನಾಡಿನಲ್ಲಿ ಶೆಡ್ಡಿನ ಗಾಡಿಗೆ ಒಕ್ಕಲು ಬರುವುದು ಇಲಿಗಳು. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಗೂಡು ಕಟ್ಟುತ್ತವೆ, ವೈರು ಕಡಿಯುತ್ತವೆ. ಉಕ್ಕಿನ ನಾರಿನಿಂದ ಸೈಲೆನ್ಸರು, ಗಾಳಿಕೊಳವೆಗಳ ಬಾಯಿ ಮುಚ್ಚಿ, ಮುಚ್ಚಿದ್ದು ನೆನಪಿರಲೆಂದು ಹ್ಯಾಂಡಲ್ಲಿಗೆ ಚೀಟಿ ಕಟ್ಟಿ ಎಂದು ಕೈಪಿಡಿ ಹೇಳುತ್ತದೆ. ಮಲೆನಾಡಿನ ಒಕ್ಕಲುಗಳ ಪಟ್ಟಿ ಇನ್ನೂ ಉದ್ದ. ಕೋಳಿ ಹಿಂದಿನ ಸೀಟಿನ ಮೇಲೆ ಕಾವಿಗೆ ಕೂರುತ್ತಿತ್ತು, ಬೆಕ್ಕು ಸೀಟಿನಡಿ ಮರಿ ಹಾಕುತ್ತಿತ್ತು, ಮಣ್ಣಿನ ಗೂಡು ಕಟ್ಟುವ ಕಣಜ ಸಿಕ್ಕ ಸಿಕ್ಕ ಕೊಳವೆಯ ಬಾಯಿ ಮೆತ್ತುತ್ತಿತ್ತು. ಇಲಿ ಹಿಡಿಯಲು ಬರುವ ಕೇರೆಹಾವನ್ನು ಓಡಿಸಲು ಡ್ರೈವರ್ ಬಿಡುತ್ತಿರಲಿಲ್ಲ. ಸೈಲೆನ್ಸರಿಗೆ ಹಳೆ ಬಟ್ಟೆಯ ಮುದ್ದೆ ತುರುಕಿ, ಸ್ಟಿಯರಿಂಗಿಗೆ ಕೆಂಪು ಬಟ್ಟೆಯ ಚಿಂದಿ ಕಟ್ಟುತ್ತಿದ್ದ. ಓದು ಬಾರದವನಿಗೆ ಅದೇ ಚೀಟಿ.

ಹೊದಿಕೆಯ ವಿಷಯದಲ್ಲಿ ಹಳೆಯ ಮನೆ ಹೊಸ ಪುಸ್ತಕಕ್ಕಿಂತ ಹಿಂದಿರಲಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿದರೆ ನೆಲದಿಂದೇಳುವ ತೇವ ಒಳಗೇ ಸಿಕ್ಕಿ ಗಾಡಿ ಬೆವರುತ್ತದೆ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವಂತೆಯೇ ಇದೂ, ಮೇಲಿನ ನೀರು ತಡೆಯಬೇಕು, ಕೆಳಗೆ ಗಾಳಿ ಆಡಬೇಕು. ಜೀಪು ನಿಂತದ್ದು ಕೊಟ್ಟಿಗೆಯ ಪಕ್ಕದ ಸೋಗೆ ಮಾಡಿನಲ್ಲಿ. ಮಳೆ ಹೊಡೆಯುವ ಪಡುವಣ ದಿಕ್ಕಿಗೆ ಸೋಗೆಯ ತಟ್ಟಿ, ಉಳಿದ ಕಡೆ ತೆರೆದದ್ದು. ಕ್ಯಾನ್‌ವಾಸ್ ಹುಡ್ಡನ್ನು ಮಾತ್ರ ಬಿಚ್ಚಿ ಒಳಗಿಡುತ್ತಿದ್ದರು, ಅದಕ್ಕೆ ಬೂಷ್ಟು ಬಲು ಬೇಗ.

ಇಷ್ಟಾದ ಮೇಲೆ ಜೀಪಿಗೆ ದಸರೆಯವರೆಗೆ ವಿಶ್ರಾಂತಿ. ಡ್ರೈವರನಿಗೆ ಏನೆಂದು ಆ ಮನೆಯ ಹಳೆಯ ಲೆಕ್ಕದ ಪುಸ್ತಕಗಳು ಹೇಳುತ್ತವೆ. ಜೀಪಿನ ಖರ್ಚಿನ ಪುಟದಲ್ಲಿ ಮಳೆಗಾಲದ ತಿಂಗಳುಗಳಲ್ಲೂ ಬ್ಯಾಟರಿ ಚಾರ್ಜು, ಬಸ್ಸಿನ ಲಗೇಜು ಎಂದು ಬರೆದಿದೆ. ಸಂಬಳದ ಕಡೆ ಆ ತಿಂಗಳುಗಳು ಖಾಲಿ. ಅವನ ಹೆಸರಿನ ಮುಂದೆ ಇರುವುದು ಅಕ್ಕಿ, ಮೆಣಸಿನಕಾಯಿ, ಒಂದು ಕಂಬಳಿ, ಎಲ್ಲವೂ ಮುಂಗಡದ ಲೆಕ್ಕದಲ್ಲಿ. ಕಾರ್ತಿಕದಿಂದ ಸಂಬಳದಲ್ಲಿ ಕಡಿತ. ಗಾಡಿ ಓಡದ ಮೇಲೆ ಡ್ರೈವರನಿಗೆ ಕೂಲಿ ಎಂತಕ್ಕೆ ಎಂಬುದು ಆಗಿನ ನ್ಯಾಯ, ಆ ಸೀಮೆಯ ಬೇರೆ ಮನೆಗಳಲ್ಲೂ ಅದೇ. ಮನೆಯವರು ಕೆಟ್ಟವರೇನಲ್ಲ, ಅವನ ಹೆಂಡತಿಯ ಬಾಣಂತನಕ್ಕೆ ಜೀಪು ಕೊಟ್ಟವರೇ. ಆದರೂ ಅವನು ಆ ನಾಲ್ಕು ತಿಂಗಳು ಬೇರೆಯವರ ಗದ್ದೆಯಲ್ಲಿ ನಟ್ಟಿಗೆ ಹೋಗುತ್ತಿದ್ದ. ವಾರಕ್ಕೊಮ್ಮೆ ಕಂಬಳಿಕೊಪ್ಪೆ ಹಾಕಿಕೊಂಡು ಬಂದು, ಹ್ಯಾಂಡಲ್ ಸಿಕ್ಕಿಸಿ ಇಂಜಿನ್ನನ್ನು ಎರಡು ಸುತ್ತು ತಿರುಗಿಸಿ, ಕಾಲಿನ ಉಂಬಳ ಕಿತ್ತು ಬಿಸಾಡಿ, ಕಾಫಿ ಕುಡಿದು ಹೋಗುತ್ತಿದ್ದ. ಆ ಕೆಲಸಕ್ಕೆ ದುಡ್ಡಿನ ಮಾತು ಬಂದದ್ದನ್ನು ಕೇಳಿದವರಿಲ್ಲ. ಸಣ್ಣಯ್ಯನಿಗೆ ಆಗ ಅದು ಗಾಡಿಯ ಮೇಲಿನ ಪ್ರೀತಿಯಾಗಿ ಕಂಡಿತ್ತು. ಪ್ರೀತಿ ಇರಲೂಬಹುದು. ದಸರೆಗೆ ಇಂಜಿನ್ ಹಿಡಿದುಕೊಂಡರೆ ತನ್ನ ಕೆಲಸವೇ ಹೋಗುತ್ತದೆಂಬ ಭಯವೂ ಅದರಲ್ಲಿ ಇತ್ತೆಂಬುದು ಲೆಕ್ಕದ ಪುಸ್ತಕ ನೋಡಿದ ಮೇಲೆ ತಿಳಿಯುವ ಸಂಗತಿ.

ಎಬ್ಬಿಸುವ ಕೆಲಸ ಮಲಗಿಸಿದ್ದರ ಹಿಮ್ಮುಖ, ಆದರೆ ಅವಸರ ಸಲ್ಲದು. ಆಯುಧಪೂಜೆಗೆ ಎರಡು ದಿನ ಮುಂಚೆ ಶುರುಮಾಡುತ್ತಿದ್ದರು. ಕೆಂಪು ಚಿಂದಿ ಕಂಡ ಕೂಡಲೇ ಸೈಲೆನ್ಸರಿನ ಬಟ್ಟೆ ತೆಗೆಯುವುದು, ಕ್ಲಚ್ಚಿನ ದಬ್ಬೆ ತೆಗೆಯುವುದು, ಏರ್ ಫಿಲ್ಟರಿನಲ್ಲಿ ಗೂಡಿದೆಯೇ ನೋಡುವುದು. ಬ್ರೇಕ್ ಆಯಿಲಿನ ಡಬ್ಬಿ ತೆರೆದು ಮಟ್ಟ ನೋಡಬೇಕು; ಆ ದ್ರವವೂ ತೇವ ಹೀರುವಂಥದ್ದು, ಬಣ್ಣ ಕಪ್ಪಾಗಿದ್ದರೆ ಬದಲಿಸಬೇಕು. ಪ್ಲಗ್ ಬಿಚ್ಚಿಟ್ಟೇ ಇಂಜಿನ್ ತಿರುಗಿಸಿದರೆ ಸಿಲಿಂಡರಿಗೆ ಹಾಕಿದ್ದ ಆಯಿಲ್ ಹೊರಗೆ ಹಾರುತ್ತದೆ. ಆಮೇಲೆ ಪ್ಲಗ್ಗು, ರೋಟರು, ಬ್ಯಾಟರಿ. ಮೊದಲ ಕೆಲವು ನಿಮಿಷ ಸೈಲೆನ್ಸರಿನಿಂದ ನೀಲಿ ಹೊಗೆ ದಟ್ಟವಾಗಿ ಬರುತ್ತದೆ, ಹೆದರಬೇಕಾದ್ದಿಲ್ಲ, ಉಳಿದ ಆಯಿಲ್ ಉರಿದು ಮುಗಿದರೆ ನಿಲ್ಲುತ್ತದೆ. ಇಂಜಿನ್ ಬಿಸಿಯಾಗುವವರೆಗೆ ಆಕ್ಸಿಲರೇಟರ್ ಒತ್ತಬಾರದು. ಎ.ಟಿ.ವಿ.ಯಾದರೆ ಟೈರಿನ ಗಾಳಿ ನೋಡಿ, ಬೆಲ್ಟಿನ ಪೆಟ್ಟಿಗೆಯ ಗಾಳಿಕೊಳವೆ ತೆರೆದು, ಮೊದಲ ಸುತ್ತನ್ನು ಸಮತಟ್ಟಾದ ಜಾಗದಲ್ಲೇ ಹಾಕಬೇಕು. ಜೀಪನ್ನು ಮೊದಲ ದಿನ ಹಳ್ಳದ ಈಚೆಗಿನ ಅಂಗಳದಲ್ಲೇ ಮುಂದೆ ಹಿಂದೆ ಓಡಿಸಿ, ನಾಲ್ಕೂ ಡ್ರಮ್ಮು ಮುಟ್ಟಿ ಯಾವುದಾದರೂ ಬ್ರೇಕ್ ಹಿಡಿದು ಬಿಸಿಯಾಗಿದೆಯೇ ಎಂದು ನೋಡಿ, ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿದ ನಂತರವೇ ಪೇಟೆಗೆ ಹೊರಡಿಸುತ್ತಿದ್ದರು.